ಕೈ ತೊಳೆಸುವ ಶಾಸ್ತ್ರ

ನಮ್ಮೂರಿನಲ್ಲಿ ಯಾರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಅವರ ಬಾಯಿ ಬಿಡಿಸಬೇಕಾಗಿಲ್ಲ. ಬಚ್ಚಲಮನೆಗೆ ಒಂದು ಸಲ ಇಣುಕಿದರೆ ಸಾಕು. ಸಾಮಾನು ಮಾರಿ ಬಂದ ದುಡ್ಡಿನಲ್ಲಿ ಕಂಪನಿಯವರು ಯಾವ ಕೆಲಸಕ್ಕೆ ಪಾಲು ಕೊಡುತ್ತಾರೋ, ಆ ಕೆಲಸ ಮನಸ್ಸಿಗೆ ಒಪ್ಪದವರ ಕೈಯಲ್ಲಿ ಆ ಸಾಮಾನು ನಡೆಯುವುದಿಲ್ಲ. ಕುಡಿತ ಬಿಡಿಸುವ ಸಂಘಕ್ಕೆ ಹಣ ಕೊಡುವ ಕಂಪನಿಯ ಕೊಡೆ ನಮ್ಮ ಬೀದಿಯ ಪುಟ್ಟಮಾದನ ಕೈಯಲ್ಲಿ ಇವತ್ತಿನವರೆಗೂ ಬಿಚ್ಚಿಕೊಂಡಿಲ್ಲ. ಮಳೆಗಾಲವಿಡೀ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನೆನೆಯುತ್ತಾ ಓಡಾಡುತ್ತಾನೆ. ಹೆಂಡತಿ ಕೊಡಿಸಿದ್ದು, ಬಿಸಾಡುವ ಧೈರ್ಯವಿಲ್ಲ. ಪರ ಊರಿನವರು ಇದನ್ನು ನೋಡಿ ಬಾಯಿ ಬಿಡುತ್ತಾರೆ. ನಮಗೆ ಅಭ್ಯಾಸವಾಗಿದೆ.

ನನ್ನದು ಕಂಬದ ಬೀದಿಯ ತುದಿಯಲ್ಲಿ ಒಂದು ದಿನಸಿ ಅಂಗಡಿ. ಹೆಸರು ನೀಲಾಂಬಿಕೆ, ಊರಿಗೆಲ್ಲ ನೀಲಮ್ಮ. ಕೊಡೆ, ಬೆಂಕಿಪೊಟ್ಟಣಗಳ ತಂಟೆ ಹೇಗೋ ಸುಧಾರಿಸಬಹುದು. ಊರನ್ನು ಎರಡು ಪಾಲು ಮಾಡಿರುವುದು ಸೋಪು. ಕೋಟೆ ಸೋಪು ಮತ್ತು ದೋಣಿ ಸೋಪು. ಒಂದೇ ಕಾರ್ಖಾನೆ ನಡೆಸುತ್ತಿದ್ದ ಅಣ್ಣತಮ್ಮಂದಿರು ಬೇರೆಯಾದಾಗ ಹುಟ್ಟಿಕೊಂಡವು. ಎರಡಕ್ಕೂ ಅದೇ ನಿಂಬೆ ವಾಸನೆ, ಅದೇ ತಿಳಿಹಳದಿ ಬಣ್ಣ, ಮೇಲಿನ ಮುದ್ರೆಯೊಂದು ಬೇರೆ. ಮನೆಯವರ ಮಾತು ಮೀರಿ, ಜಾತಿ ಬಿಟ್ಟು ಮದುವೆಯಾಗಲು ಓಡಿಬಂದ ಹುಡುಗ ಹುಡುಗಿಯರಿಗೆ ಹೊಳೆಯಾಚೆ ಒಂದು ಆಶ್ರಯದ ಮನೆ ಇದೆ. ಅದನ್ನು ದೋಣಿ ಸೋಪಿನ ದುಡ್ಡಿನಿಂದ ನಡೆಸುವವನು ತಮ್ಮ. ಅಂಥವರನ್ನು ಹುಡುಕಿ ಹಿಡಿದು ಅವರವರ ಮನೆಗೆ ತಂದುಬಿಡುವ ಸಂಘವೂ ಒಂದಿದೆ. ಅಣ್ಣ ಕೋಟೆ ಸೋಪಿನ ದುಡ್ಡಿನಿಂದ ಅದರ ಜೀಪುಗಳಿಗೆ ಪೆಟ್ರೋಲು ಹಾಕಿಸುತ್ತಾನೆ. ಇಬ್ಬರೂ ಇದನ್ನು ಮುಚ್ಚಿಟ್ಟಿಲ್ಲ, ಸೋಪಿನ ಹೊದಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ.

ಊರಿನಲ್ಲಿ ಕೋಟೆಯವರದೇ ಕೈ ಮೇಲು. ಹಾಗಾಗಿ ನಾಲ್ಕು ಜನರ ಮುಂದೆ ಎಲ್ಲರೂ ಕೋಟೆಯನ್ನೇ ಗಟ್ಟಿಯಾಗಿ ಕೇಳುತ್ತಾರೆ. ಅಂಗಡಿ ಖಾಲಿಯಾದ ಮೇಲೆ ಅವರಲ್ಲೇ ಕೆಲವರು ಮತ್ತೆ ಬಂದು, ಉಪ್ಪು ಕೊಡಿ ಎನ್ನುತ್ತಾ ದೋಣಿಯ ಕಡೆ ಕಣ್ಣು ಹಾಯಿಸುತ್ತಾರೆ. ನಾನು ಉಪ್ಪಿನ ಪೊಟ್ಟಣದೊಳಗೇ ಸೋಪು ಇಟ್ಟು ಕಟ್ಟಿಕೊಡುತ್ತೇನೆ. ಇದಕ್ಕೆ ತಿರುಗಾಮುರುಗಾ ಆದದ್ದೂ ಇದೆ. ಓಡಿಹೋದ ಮಕ್ಕಳ ಪರವಾಗಿ ಸಭೆಯಲ್ಲಿ ಕಣ್ಣೀರು ಬರುವಂತೆ ಮಾತಾಡುವ ಮೇಷ್ಟ್ರೊಬ್ಬರು, ತಮ್ಮ ಮಗಳು ಕಾಲೇಜಿಗೆ ಸೇರಿದ ವಾರದಿಂದ ನನ್ನ ಹತ್ತಿರ ಗುಟ್ಟಾಗಿ ಕೋಟೆ ಒಯ್ಯುತ್ತಿದ್ದಾರೆ. ಯಾವ ಕಡೆಯ ಗೊಡವೆಯೂ ಬೇಡ ಎನ್ನುವವರು ಕಡಲೆಹಿಟ್ಟಿನಲ್ಲಿ ಮೈ ತೊಳೆಯುತ್ತಾರೆ. ನಾನೂ ಅಷ್ಟೇ. ಅಂಗಡಿ ಇಟ್ಟವಳು ಯಾರ ಕಡೆಯವಳೂ ಆಗಿ ಕಾಣಿಸಿಕೊಳ್ಳಬಾರದು.

ಆದರೆ ನನಗೂ ಮನಸ್ಸು ಅಂತ ಒಂದಿದೆ. ನನ್ನ ತಂಗಿ ಪಂಕಜ ಇಪ್ಪತ್ತೆಂಟು ವರ್ಷದ ಹಿಂದೆ ನೇಯ್ಗೆಯವರ ಹುಡುಗನ ಜೊತೆ ಹೊಳೆಯಾಚೆಗೆ ಹೋದಳು. ಆಶ್ರಯದ ಮನೆಯಲ್ಲಿ ನಲವತ್ತು ದಿನ ಇದ್ದರು. ನಲವತ್ತೊಂದನೆಯ ದಿನ ಅವಳು ಸೊಪ್ಪು ತರಲು ಹೊರಗೆ ಬಂದಾಗ ಕೋಟೆ ಸಂಘದ ಜೀಪು ಬಂತು. ಅವಳನ್ನು ತಂದು ನಮ್ಮ ಬಾಗಿಲಲ್ಲಿ ಇಳಿಸಿದರು. ಆ ಹುಡುಗನನ್ನು ಮತ್ತೆ ಯಾರೂ ನೋಡಲಿಲ್ಲ. ಅವಳ ಹೊಟ್ಟೆಯಲ್ಲಿದ್ದವಳೇ ಚಂಪಕ. ಮಗುವಿಗೆ ನಾಲ್ಕು ವರ್ಷವಾದಾಗ ಪಂಕಜ ಜ್ವರ ಬಂದು ತೀರಿಕೊಂಡಳು. ಅಲ್ಲಿಯವರೆಗೆ ಅವಳು ಮನೆಯಲ್ಲಿ ಹತ್ತು ಮಾತು ಆಡಿದ್ದರೆ ಹೆಚ್ಚು. ನಾನು ಮದುವೆ ಗಿದುವೆ ಬಿಟ್ಟು ಆ ಮಗುವನ್ನು ಸಾಕಿದೆ. ನನಗೆ ಅದರಲ್ಲಿ ಏನೂ ನಷ್ಟವಾಗಿಲ್ಲ.

ಚಂಪಕ ಹೊಲಿಗೆ ಕಲಿತು ಅಂಗಡಿಯ ಪಕ್ಕದ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ಸುಳ್ಳು ಮಾತ್ರ ಬಾರದು. ಇಪ್ಪತ್ತೇಳು ತುಂಬಿದ ಹುಡುಗಿಗೆ ಸುಳ್ಳು ಬಾರದಿದ್ದರೆ ನಮ್ಮೂರಿನಲ್ಲಿ ಮದುವೆಯಾಗುವುದು ಕಷ್ಟ, ಏಕೆಂದರೆ ಇಲ್ಲಿ ಹೆಣ್ಣು ನೋಡುವುದೆಂದರೆ ಕೈ ತೊಳೆಸುವ ಶಾಸ್ತ್ರ. ಗಂಡಿನವರು ತಮ್ಮ ಬಚ್ಚಲಿನಲ್ಲಿ ಬಳಸಿ ಸವೆದ ಸೋಪನ್ನು ಡಬ್ಬಿಯಲ್ಲಿ ತರುತ್ತಾರೆ. ಕಾಫಿ ತಿಂಡಿ ಮುಗಿಯುವವರೆಗೆ ಅದು ಹೆಣ್ಣಿನ ಮನೆಯ ದೇವರ ಗೂಡಿನಲ್ಲಿ ಇರಬೇಕು. ಆಮೇಲೆ ಎಲ್ಲರ ಎದುರಿಗೆ ಹುಡುಗಿ ಅದರಿಂದ ಕೈ ತೊಳೆಯಬೇಕು. ನೊರೆ ಬಂದರೆ ಆ ಮನೆಗೆ ಹೊಂದುವವಳು. ಚಂಪಕಳನ್ನು ನೋಡಲು ಎರಡು ಸಲ ಬಂದವರೂ ಕೋಟೆಯವರೇ. ಎರಡು ಸಲವೂ ಸೋಪು ಅವಳ ಕೈಯಲ್ಲಿ ಕಲ್ಲಿನಂತೆ ಜಾರಿತು. ಬಂದವರು ಚೊಂಬಿನ ನೀರು ಮುಗಿಯುವ ಮೊದಲೇ ಎದ್ದುಹೋದರು. ಹೆಣ್ಣಿನ ಕೈಯ ಸಂಗತಿ ಹೊರಗೆ ಆಡಬಾರದೆಂಬ ಕಟ್ಟುಪಾಡು ಇರುವುದರಿಂದ ಊರಿಗೆ ಕಾರಣ ತಿಳಿಯಲಿಲ್ಲ.

ಇವಳಿಗೆ ದೋಣಿ ಕಡೆಯ ಗಂಡು ಹುಡುಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹುಡುಕಲಿಲ್ಲ. ಹೆದರಿಕೆಯಿಂದ ಹುಡುಕಲಿಲ್ಲ, ಅಷ್ಟೇ. ಪಂಕಜಳನ್ನು ಇಳಿಸಿಹೋದ ಜೀಪಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಂಥ ತಾಯಿಯ ಮಗಳು ದೋಣಿಯವರ ಮನೆ ಸೇರಿದರೆ ಸಂಘದವರ ಕಣ್ಣು ಅವಳ ಮೇಲೆ, ಅವಳ ಮಕ್ಕಳ ಮೇಲೆ ಸದಾ ಇರುತ್ತದೆ. ಕೋಟೆಯ ಸೊಸೆಯನ್ನಾದರೆ ಯಾರೂ ಮುಟ್ಟುವುದಿಲ್ಲ. ಮನಸ್ಸಿನಲ್ಲಿ ಏನಿದ್ದರೂ ಇರಲಿ, ಅವಳು ಯಾವ ಜೀಪಿನ ಸದ್ದಿಗೂ ಬೆಚ್ಚಿಬೀಳದೆ ಬದುಕಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಅಷ್ಟರಲ್ಲಿ ಉಮಾಪತಿಯ ಕಡೆಯಿಂದ ಮಾತು ಬಂತು. ಉಮಾಪತಿ ಕೋಟೆ ಸಂಘದ ಅಧ್ಯಕ್ಷ ಮರುಳಪ್ಪನವರ ಒಬ್ಬನೇ ಮಗ, ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಂಗಿಯ ಜೇಬು ಹರಿದಿದೆ ಎಂದು ಚಂಪಕಳ ಹತ್ತಿರ ಬಂದ. ಆಮೇಲೆ ಕಾಲರು, ಆಮೇಲೆ ಗುಂಡಿ. ಒಂದೇ ತಿಂಗಳಲ್ಲಿ ಅಷ್ಟೊಂದು ಗುಂಡಿ ಯಾರ ಅಂಗಿಯಲ್ಲೂ ಉದುರುವುದಿಲ್ಲ. ಅವನು ಬಂದ ದಿನ ಇವಳ ಮೆಷಿನ್ ನಿಲ್ಲುತ್ತಿತ್ತು, ಗೋಡೆಯಾಚೆ ನಗು ಕೇಳಿಸುತ್ತಿತ್ತು. ಕೋಟೆ ಅಧ್ಯಕ್ಷರ ಮಗ ಅಂದಮೇಲೆ ಅವನು ಸಂಘದ ಕೆಲಸಕ್ಕೂ ಹೋಗುವವನೇ ಇರಬೇಕು ಎಂಬುದು ಅವಳಿಗೂ ಹೊಳೆದಿರಬೇಕು. ನಾನು ಕೇಳಿದಾಗ, ನನ್ನ ಕೈಲಿ ನೊರೆ ಬರದೇ ಇದ್ದರೆ ಅವರೇ ಬಿಟ್ಟುಹೋಗುತ್ತಾರೆ, ಅವರು ನಿಜ ನೋಡಿಕೊಂಡೇ ಹೋಗಲಿ ದೊಡ್ಡಮ್ಮ, ಎಂದಳು. ಹೇಳುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡಳು. ಅವನೆಂದರೆ ಅವಳಿಗೆ ಇಷ್ಟ ಎಂದು ನನಗೆ ಆಗಲೇ ಖಾತರಿಯಾಯಿತು.

ನಾನು ಸುಮ್ಮನೆ ಕೂರುವವಳಲ್ಲ. ಮೂರು ದೋಣಿ ಸೋಪು ಬಿಚ್ಚಿ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ನೀರು ಹಾಕಿ ತಿಕ್ಕಿದೆ. ಒಂದನ್ನು ಅರ್ಧ, ಒಂದನ್ನು ಮುಕ್ಕಾಲು, ಒಂದನ್ನು ತೆಳ್ಳಗೆ ಹಪ್ಪಳದಷ್ಟು ಸವೆಸಿದೆ. ಮುದ್ರೆ ಅಳಿಸಿದ ಮೇಲೆ ಅವು ಕೋಟೆಯೋ ದೋಣಿಯೋ ಎಂದು ಹೇಳಲು ಅವನ್ನು ಮಾಡಿದ ಅಣ್ಣತಮ್ಮಂದಿರಿಂದಲೂ ಸಾಧ್ಯವಿಲ್ಲ. ಗಂಡಿನವರು ಯಾವ ಗಾತ್ರದ್ದು ತಂದರೂ ಅದಕ್ಕೆ ಹತ್ತಿರದ್ದು ನನ್ನಲ್ಲಿರಬೇಕಲ್ಲ. ಮೂರನ್ನೂ ಬಟ್ಟೆಯಲ್ಲಿ ಸುತ್ತಿ ರಾಗಿ ಡಬ್ಬದ ಹಿಂದೆ ಬಚ್ಚಿಟ್ಟೆ. ಚಂಪಕಳಿಗೆ ಹೇಳಲಿಲ್ಲ. ಹೇಳಿದ್ದರೆ ಮೂರನ್ನೂ ಬೀದಿಗೆ ಎಸೆಯುತ್ತಿದ್ದಳು.

ಭಾನುವಾರ ನಾಲ್ಕು ಗಂಟೆಗೆ ಅವರು ಬಂದರು. ಮರುಳಪ್ಪನವರು, ಅವರ ಹೆಂಡತಿ ಶಿವಗಂಗಮ್ಮ, ಉಮಾಪತಿ, ಜೊತೆಗೆ ಸಂಘದ ಇಬ್ಬರು ಹಿರಿಯರು. ಮರುಳಪ್ಪನವರು ಒಳಗೆ ಬರುತ್ತಲೇ ನಡುಮನೆಯನ್ನು ಒಂದು ಸುತ್ತು ನೋಡಿದರು. ಕೂತುಕೊಂಡು, ಇದು ನಮ್ಮ ಸಂಘ ಉಳಿಸಿಕೊಟ್ಟ ಮನೆ, ನಿಮ್ಮ ತಂಗಿಯನ್ನು ತಂದುಬಿಟ್ಟ ದಿನ ಜೀಪಿನಲ್ಲಿ ನಾನೂ ಇದ್ದೆ, ಎಂದು ಹೆಮ್ಮೆಯಿಂದ ಹೇಳಿಕೊಂಡರು. ಅಂಥ ಮನೆಯ ಹೆಣ್ಣನ್ನೇ ತಂದುಕೊಂಡರೆ ಊರಿಗೆಲ್ಲ ಒಂದು ಮೇಲ್ಪಂಕ್ತಿ ಹಾಕಿಕೊಟ್ಟಂತಾಗುತ್ತದೆ ಎಂದರು. ನಾನು ಉಪ್ಪಿಟ್ಟಿನ ತಟ್ಟೆ ಅವರ ಮುಂದೆ ಇಟ್ಟು ನಕ್ಕೆ. ಆ ನಗುವಿಗೆ ನನ್ನನ್ನು ನಾನೇ ಎಷ್ಟು ಬೈದುಕೊಂಡಿದ್ದೇನೋ ಲೆಕ್ಕವಿಲ್ಲ.

ಶಿವಗಂಗಮ್ಮ ಮೂಲೆಯ ಚಾಪೆಯ ಮೇಲೆ ಕೂತರು. ಸುಮಾರು ಅರವತ್ತು ವರ್ಷ, ಹಣೆಯಲ್ಲಿ ಅಗಲ ವಿಭೂತಿ. ಕೋಟೆ ಮಹಿಳಾ ಮಂಡಳಿಯ ಮೆರವಣಿಗೆಯಲ್ಲಿ ಬಾವುಟ ಹಿಡಿದು ಮುಂದೆ ನಡೆಯುವವರು. ನನಗೆ ಅವರ ಮೇಲೂ ಕೋಪವಿತ್ತು. ಕಾಫಿ ಲೋಟ ತೆಗೆದುಕೊಂಡಾಗ ಅವರ ಬೆರಳ ತುದಿಗಳು ಕಂದುಬಣ್ಣಕ್ಕೆ ತಿರುಗಿದ್ದು ಕಾಣಿಸಿತು. ಅಂಟುವಾಳದ ಕಾಯಿ ಅರೆದವರ ಬೆರಳು ಹಾಗಿರುತ್ತದೆ. ತಲೆಗೆ ಹಾಕಿಕೊಂಡಿರಬೇಕು ಎಂದುಕೊಂಡೆ.

ಸೋಪಿನ ಹಿತ್ತಾಳೆ ಡಬ್ಬಿ ದೇವರ ಗೂಡಿನಲ್ಲಿತ್ತು. ದೀಪಕ್ಕೆ ಎಣ್ಣೆ ಹಾಕುವ ನೆವದಲ್ಲಿ ಹೋಗಿ ಮುಚ್ಚಳ ತೆಗೆದು ನೋಡಿದೆ. ಮುಕ್ಕಾಲು ಸವೆದಿತ್ತು. ಅಡಿಗೆಮನೆಗೆ ಹೋಗಿ ನನ್ನ ಮುಕ್ಕಾಲಿನದನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬಂದು ಡಬ್ಬಿಯಲ್ಲಿಟ್ಟೆ, ಅವರದನ್ನು ಒಯ್ದು ರಾಗಿ ಡಬ್ಬದ ಹಿಂದೆ ಇಟ್ಟೆ. ತಿರುಗಿ ಬಂದು ದೀಪಕ್ಕೆ ಎಣ್ಣೆ ಹಾಕಿದೆ. ಎಣ್ಣೆ ದೇವರ ಪಟದ ಮೇಲೂ ಚೆಲ್ಲಿತು.

ನಡುಮನೆಯಲ್ಲಿ ತಾಮ್ರದ ಬೋಗುಣಿ ಇಟ್ಟರು. ಚಂಪಕ ಬಂದು ಕೂತಳು. ಅವಳ ಮುಖದಲ್ಲಿ ಯಾವ ಆಸೆಯೂ ಇರಲಿಲ್ಲ, ಬೇಗ ಮುಗಿದರೆ ಸಾಕು ಎನ್ನುವಂತಿದ್ದಳು. ನಾನು ಚೊಂಬಿನಿಂದ ನೀರು ಹಾಕಿದೆ. ಅವಳು ಸೋಪನ್ನು ಎರಡು ಸಲ ತಿರುಗಿಸಿದಳು. ನೊರೆ ಬಂತು. ಬೆರಳ ಸಂದಿಯಿಂದ ಉಕ್ಕಿ ಬಳೆಯವರೆಗೆ ಏರಿತು. ಸಂಘದ ಹಿರಿಯರು ತಲೆದೂಗಿದರು. ಚಂಪಕ ತನ್ನ ಕೈಗಳನ್ನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತಾ ಕೂತಳು. ಅವಳ ತುಟಿ ಬಿಳಿಚಿಕೊಂಡಿತು. ಸಂತೋಷಕ್ಕೆ ಹಾಗಾಗಿದೆ ಎಂದು ಅವರೆಲ್ಲ ತಿಳಿದಿರಬೇಕು. ನನಗೂ ಆ ಕ್ಷಣ ಗೆದ್ದೆ ಎನ್ನುವುದು ಬಿಟ್ಟು ಬೇರೇನೂ ತೋಚಲಿಲ್ಲ.

ನಾನು ಬೋಗುಣಿ ಎತ್ತಿಡಲು ಬಗ್ಗಿದೆ. ಆಗ ಮರುಳಪ್ಪನವರು, ಇರಲಿ ಇರಲಿ, ಇನ್ನು ಅತ್ತೆ, ಆಮೇಲೆ ಗಂಡು, ಎಂದರು. ಬೋಗುಣಿಯನ್ನು ಅಲ್ಲೇ ಬಿಟ್ಟೆ. ಗೊತ್ತಿರಲಿಲ್ಲ ಎಂದಲ್ಲ. ಹುಡುಗಿಯ ಕೈಯಲ್ಲಿ ನೊರೆ ಬಂದರೆ ಅದೇ ಸೋಪಿನಿಂದ ಅತ್ತೆಯಾಗುವವಳೂ ಗಂಡೂ ಕೈ ತೊಳೆಯಬೇಕು, ಮೂವರೂ ಒಂದೇ ಬಚ್ಚಲು ಬಳಸುವವರಲ್ಲವೇ. ಊರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ನಮ್ಮ ಮನೆಯಲ್ಲಿ ಎರಡು ಸಲವೂ ಶಾಸ್ತ್ರ ಚಂಪಕಳ ಕೈಯಲ್ಲೇ ಮುಗಿದುಹೋಗಿತ್ತು. ನನಗೆ ಮದುವೆಯಾಗಿದ್ದರಾದರೂ ನೆನಪಿರುತ್ತಿತ್ತೋ ಏನೋ. ಮೂರು ಸೋಪು ಸವೆಸುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಅವಳ ಎರಡು ಕೈ ಮಾತ್ರ. ಈಗ ಡಬ್ಬಿಯಲ್ಲಿದ್ದದ್ದು ದೋಣಿ ಸೋಪು, ಎದುರಿಗಿದ್ದದ್ದು ಊರಿನಲ್ಲೇ ಗಟ್ಟಿ ಕೋಟೆ ಮನೆತನ.

ಶಿವಗಂಗಮ್ಮ ಮುಂದೆ ಬಂದು ಕೂತು, ಸೆರಗಿನ ತುದಿಯನ್ನು ಒಂದು ಸಲ ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಕೈ ಚಾಚಿದರು. ಅಂಗೈಯಿಂದ ಅಂಟುವಾಳದ ವಾಸನೆ ಬಂತು. ಒಣ ಕಾಯಿಯ ಪುಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಅದನ್ನು ಮಾರುವವಳಿಗೆ ಗೊತ್ತಾಗದೇ ಇರುತ್ತದೆಯೇ. ಪುಡಿ ಹಚ್ಚಿಕೊಂಡ ಕೈ ಯಾವ ಸೋಪು ಹಿಡಿದರೂ ಚೂರುಪಾರು ನೊರೆ ಬಿಡುತ್ತದೆ. ಕೋಟೆ ಅಧ್ಯಕ್ಷರ ಹೆಂಡತಿಗೆ ಅದೇಕೆ ಬೇಕು? ನಾನು ಯೋಚಿಸಿ ಮುಗಿಸುವಷ್ಟರಲ್ಲಿ ಅವರ ಕೈ ತುಂಬಾ ನೊರೆ ಎದ್ದಿತ್ತು. ಬಿಳಿ, ದಟ್ಟ, ಅಂಟುವಾಳದಿಂದ ಎಂದೂ ಬಾರದಂಥ ನೊರೆ. ಅವರು ಬೆಚ್ಚಿ ನನ್ನ ಮುಖ ನೋಡಿದರು. ಈ ಹೆಂಗಸು ಮೂವತ್ತು ವರ್ಷ ಬಾವುಟ ಹಿಡಿದದ್ದು ಪುಡಿ ಹಚ್ಚಿದ ಕೈಯಲ್ಲಿ ಎಂದು ಆಗ ನನಗೆ ತಿಳಿಯಿತು.

ಕೊನೆಗೆ ಉಮಾಪತಿ ಕೂತ. ಅವನು ತಿಕ್ಕಿದ. ಮತ್ತೆ ತಿಕ್ಕಿದ. ಸೋಪು ಅವನ ಕೈಯಿಂದ ಜಾರಿ ಬೋಗುಣಿಗೆ ಬಿದ್ದು ಠಣ್ಣೆಂದಿತು. ತೆಗೆದುಕೊಂಡು ಇನ್ನೊಮ್ಮೆ ತಿಕ್ಕಿದ. ಒಂದು ಗುಳ್ಳೆಯೂ ಬರಲಿಲ್ಲ. ಅವನು ಸೋಪನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ತಲೆ ಎತ್ತಿದ.

"ಅಪ್ಪಾ, ಇದು ನಮ್ ಸೋಪಲ್ಲ," ಎಂದ.

ಮರುಳಪ್ಪನವರು ಬುದ್ಧಿವಂತ ಮನುಷ್ಯ. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.

"ನಮ್ದಲ್ದೇ ಇದ್ರೆ ನಿನ್ ಕೈಲಿ ಹೆಂಗೆ ಬಂತು?"

ಶಿವಗಂಗಮ್ಮ ಬಾಗಿಲಿನ ಕಡೆ ನೋಡಿದರು. ಹೋದ ವರ್ಷ ಇದೇ ಸಂಘದ ಒಬ್ಬರ ಹೆಂಡತಿಯ ಗುಟ್ಟು ಬಯಲಾಗಿತ್ತು. ಐವತ್ತೆಂಟು ವರ್ಷದ ಆಕೆಯನ್ನು ಒಂದು ಟ್ರಂಕು ಕೊಟ್ಟು ಬಸ್ಸು ಹತ್ತಿಸಿದ್ದರು. ತವರಿನಲ್ಲಿ ಯಾರೂ ಉಳಿದಿಲ್ಲ ಎಂದು ಆಕೆ ಹೇಳಿಕೊಂಡರೂ ಕೇಳಿರಲಿಲ್ಲ. ಹಾಗೆ ತೀರ್ಮಾನ ಮಾಡಿದವರು ಇದೇ ಮರುಳಪ್ಪನವರು. ನನ್ನ ಕೈಯಲ್ಲಿ ಚೊಂಬು ಹಾಗೇ ಇತ್ತು. ಸೋಪು ಬದಲಾಯಿಸಿದ್ದು ನಾನು ಎಂದು ಒಪ್ಪಿಕೊಂಡರೆ ಚಂಪಕಳ ಜೊತೆಗೆ ಆ ಮುದುಕಿಯೂ ಬೀದಿಪಾಲು. ಒಪ್ಪಿಕೊಳ್ಳದಿದ್ದರೆ ಏನಾಗುತ್ತದೋ ಅದೂ ತಿಳಿಯದು.

ಉಮಾಪತಿ ತಾಯಿಯ ಕೈಗಳನ್ನು ನೋಡುತ್ತಿದ್ದ. ನೊರೆ ಇನ್ನೂ ಆರಿರಲಿಲ್ಲ, ಮಣಿಕಟ್ಟಿನ ಮೇಲೆ ಹಾಗೇ ನಿಂತಿತ್ತು. ಅವನು ಎಷ್ಟು ಹೊತ್ತು ನೋಡಿದನೋ. ಆಮೇಲೆ ಸೋಪನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ.

"ಇಲ್ಲ ಅಪ್ಪಾ. ನಮ್ದೇ. ನಂಗೇ ಏನೋ ಆಗಿದೆ," ಎಂದ.

ಮರುಳಪ್ಪನವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಸಂಘದ ಹಿರಿಯರಿಬ್ಬರೂ ತಲೆ ತಗ್ಗಿಸಿ ಕಾಲಿನ ಹೆಬ್ಬೆರಳು ನೋಡಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮರುಳಪ್ಪನವರು ನನ್ನನ್ನು ಹತ್ತಿರ ಕರೆದು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ ಮಾತಾಡಿದರು. ಈ ಸಂಗತಿ ಈ ನಾಲ್ಕು ಗೋಡೆ ದಾಟಬಾರದು. ಮಗನ ಬುದ್ಧಿಯನ್ನು ಅವರೇ ತಿದ್ದುತ್ತಾರೆ. ಹುಡುಗಿ ಅಪ್ಪಟ ಕೋಟೆಯವಳು, ಇಂಥವಳ ಕೈಗೆ ಬಿದ್ದರೆ ಅವನೂ ಸರಿಹೋಗುತ್ತಾನೆ. ಕೊಡುವುದು ತರುವುದು ಏನೂ ಬೇಡ, ಬರುವ ತಿಂಗಳೇ ಮದುವೆ. ನಾನು ಹುಡುಗಿಯನ್ನು ಒಂದು ಮಾತು ಕೇಳಿ ಬರುತ್ತೇನೆಂದು ಹೇಳಿ ಅಡಿಗೆಮನೆಗೆ ಹೋದೆ.

ಚಂಪಕ ಒಲೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ಸೆರಗಿನಿಂದ ಕೈ ಒರೆಸುತ್ತಲೇ ಇದ್ದಳು, ಚರ್ಮ ಕೆಂಪಾಗಿತ್ತು.

"ದೊಡ್ಡಮ್ಮ, ನನ್ ಕೈಲಿ ಕೋಟೆ ನೊರೆ ಬಂತು. ನಮ್ಮಮ್ಮನ್ನ ಎಳ್ಕೊಂಡು ಬಂದೋರ ಸೋಪು. ನನ್ ಮನಸ್ಸು ಯಾವಾಗ ಹಿಂಗಾಯ್ತು, ನಂಗೇ ಗೊತ್ತಾಗ್ಲಿಲ್ವಲ್ಲ."

ಅವಳಿಗೆ ಹೀಗನ್ನಿಸಬಹುದು ಎಂದು ನನಗೆ ಒಂದು ಸಲವಾದರೂ ಹೊಳೆದಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು ಕಣ್ಣು ಒರೆಸಿಕೊಂಡು ನನ್ನ ಕೈ ಹಿಡಿದಳು. ಆದರೆ ಉಮಾಪತಿಯವರ ಕೈಯಲ್ಲಿ ಬರಲಿಲ್ಲ, ನೀವೂ ನೋಡಿದಿರಲ್ಲ, ಅಂದಳು. ಅಂಥ ಅಪ್ಪನ ಮನೆಯಲ್ಲಿದ್ದುಕೊಂಡು ಆತ ಒಳಗೊಳಗೇ ಅಮ್ಮನಂಥವರ ಕಡೆಗಿದ್ದಾನೆ, ಆ ಮಾತು ಯಾರಿಗೂ ಹೇಳಿಕೊಳ್ಳಲಾಗದೆ ಎಷ್ಟು ನೊಂದಿದ್ದಾನೋ, ಅಂದಳು. ನನಗಿಂತ ಅವರೇ ಮೇಲು, ಒಪ್ಪಿಗೆ ಅಂತ ಹೇಳಿ ಎಂದಳು. ಅಳುತ್ತಲೇ ನಗುತ್ತಿದ್ದಳು. ಇಪ್ಪತ್ತೇಳು ವರ್ಷದಲ್ಲಿ ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ನಾನು ಬಯಸಿದ್ದೆಲ್ಲ ಕೈಗೆ ಬಂದಿತ್ತು. ಕೋಟೆಯ ಮನೆ, ಇಷ್ಟಪಟ್ಟ ಗಂಡು, ಹುಡುಗಿಯ ಬಾಯಿಂದಲೇ ಒಪ್ಪಿಗೆ. ಆದರೆ ಅವಳು ಆ ಮನೆ ಸೇರಿದ ಮಾರನೆಯ ದಿನವೇ ಅವನು ಜೀಪು ಹತ್ತುತ್ತಾನೆ. ಯಾರದೋ ಮನೆಯ ಪಂಕಜಳನ್ನು ತಂದಿಳಿಸಿ ಮನೆಗೆ ಬಂದು ಕೈ ತೊಳೆಯುತ್ತಾನೆ, ನೊರೆ ಉಕ್ಕುತ್ತದೆ. ಇವಳು ಟವಲು ಹಿಡಿದು ನಿಂತಿರುತ್ತಾಳೆ. ರಾಗಿ ಡಬ್ಬ ಸರಿಸಿ ಅವರ ಸೋಪು ತೆಗೆದು ಅವಳ ಮುಂದೆ ಇಟ್ಟೆ. ಮಾಡಿದ್ದನ್ನೆಲ್ಲ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ಮೊದಲು ತನ್ನ ಕೈ ನೋಡಿಕೊಂಡಳು, ಉಸಿರು ಬಿಟ್ಟಳು. ಆಮೇಲೆ ದೋಣಿಯಲ್ಲಿ ನೊರೆ ಬಾರದ ಉಮಾಪತಿಯ ಲೆಕ್ಕ ಅವಳಿಗೆ ಹೊಳೆಯಿತು. ಮುಖ ಆರಿಹೋಯಿತು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು.

"ಹಂಗಾದ್ರೆ ಆ ಅಮ್ಮ?" ಎಂದಳು.

ಹೌದು ಎಂದು ತಲೆಯಾಡಿಸಿದೆ. ಅವಳು ಸೋಪನ್ನು ಕೈಗೆತ್ತಿಕೊಂಡು, ಅವರ ಮಗನ ಹತ್ತಿರ ನಾನೇ ಮಾತಾಡಬೇಕು, ಹಿತ್ತಿಲಿಗೆ ಕಳಿಸಿ ಎಂದಳು. ನಾನು ನಡುಮನೆಗೆ ಹೋಗಿ, ಮಕ್ಕಳು ಎರಡು ಮಾತಾಡಲಿ ಎಂದೆ. ಮರುಳಪ್ಪನವರು ಆ ಹೊತ್ತಿನಲ್ಲಿ ಏನು ಕೇಳಿದರೂ ಒಪ್ಪುವಂತಿದ್ದರು.

ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತೆ. ನಿಲ್ಲಬಾರದಿತ್ತು, ನಿಂತೆ. ಚಂಪಕ ಒಗೆಯುವ ಕಲ್ಲಿನ ಮೇಲೆ ಸೋಪು ಇಟ್ಟು, ಇದು ನಿಮ್ಮ ಮನೆಯದು, ಒಳಗಿರುವುದು ದೋಣಿ ಎಂದು ಹೇಳಿದಳು. ಗೊತ್ತು ಎಂದ ಉಮಾಪತಿ. ಮತ್ತೆ ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ ಎಂದು ಕೇಳಿದಳು. ಅವನು ತಾಯಿ ಕೂತಿದ್ದ ನಡುಮನೆಯ ಕಡೆ ತಿರುಗಿ ನೋಡಿದ. ನೀವು ಜೀಪಿನಲ್ಲಿ ಹೋಗುತ್ತೀರಾ ಎಂದು ಕೇಳಿದಳು. ನಾಲ್ಕು ಸಲ ಹೋಗಿದ್ದೇನೆ, ಕರೆದರೆ ನಾಳೆಯೂ ಹೋಗುತ್ತೇನೆ ಎಂದ. ಹೆತ್ತವರನ್ನು ಬಿಟ್ಟು ಹೋದವರು ಕೊನೆಗೆ ಅಳುತ್ತಾರೆ, ಅವರನ್ನು ತಂದುಬಿಡುವುದು ಪುಣ್ಯದ ಕೆಲಸ ಎಂದೇ ನಂಬಿದ್ದೇನೆ, ಎಂದ. ಸುಳ್ಳು ಹೇಳಿ ಅವಳನ್ನು ಒಲಿಸಿಕೊಳ್ಳಬಹುದಿತ್ತು. ಅವನಿಗೂ ಸುಳ್ಳು ಬಾರದು, ಒಂದು ಸಲ ತಾಯಿಗಾಗಿ ಹೇಳಿದ್ದೊಂದು ಬಿಟ್ಟು.

"ಈಗ್ಲೂ ನಂಬ್ತೀರಾ? ನಿಮ್ಮಮ್ಮನ ಕೈ ನೋಡಿದ್ಮೇಲೂ?"

ಅವನು ತೊಟ್ಟಿಯಿಂದ ನೀರು ಮೊಗೆದುಕೊಂಡು ಕೋಟೆ ಸೋಪು ತೆಗೆದುಕೊಂಡ. ನಾನು ಕಿಟಕಿಯ ಸರಳು ಬಿಗಿಯಾಗಿ ಹಿಡಿದುಕೊಂಡೆ. ಬಾರದಿರಲಿ, ನೊರೆ ಬಾರದಿರಲಿ ಎಂದು ಇದ್ದಬದ್ದ ದೇವರಿಗೆಲ್ಲ ಹೇಳಿಕೊಂಡೆ. ಚಂಪಕಳೂ ಅದನ್ನೇ ಹೇಳಿಕೊಳ್ಳುತ್ತಿದ್ದಳು, ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಅವನೂ ಅದನ್ನೇ ಬಯಸಿ ತಿಕ್ಕಿದ ಎಂದು ನಾನು ಇವತ್ತಿಗೂ ಅಂದುಕೊಂಡಿದ್ದೇನೆ.

ನೊರೆ ಬಂತು. ಯಾವತ್ತಿನಂತೆ ಧಾರಾಳವಾಗಿ ಬಂದು ಕಲ್ಲಿನ ಮೇಲೆ ಸುರಿಯಿತು.

"ನಾನೇನ್ ಮಾಡ್ಲಿ ಚಂಪಕ," ಎಂದ. ಮೊದಲ ಸಲ ಅವಳ ಹೆಸರು ಹಿಡಿದು ಕರೆದದ್ದು.

ಅವಳು ಚೊಂಬಿನಿಂದ ಅವನ ಕೈಗೆ ನೀರು ಹಾಕಿದಳು. ನೊರೆಯೆಲ್ಲ ಹೋಗುವವರೆಗೆ ಹಾಕಿದಳು. ಆಮೇಲೆ, ಹುಡುಗಿ ಒಪ್ಪಲಿಲ್ಲ ಅಂತ ಹೇಳಿಬಿಡಿ, ನಿಮ್ಮ ಅಮ್ಮನ ವಿಷಯ ಈ ಮನೆಯಿಂದ ಹೊರಗೆ ಹೋಗುವುದಿಲ್ಲ ಎಂದಳು. ಕೋಟೆ ಸೋಪನ್ನು ಒಂದು ಎಲೆಯಲ್ಲಿ ಸುತ್ತಿ, ತೆಗೆದುಕೊಂಡು ಹೋಗಿ ಡಬ್ಬಿಯಲ್ಲಿರುವುದನ್ನು ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ನಿಮ್ಮಪ್ಪನಿಗೆ ಗೊತ್ತಾಗುತ್ತದೆ, ಎಂದು ಅವನ ಕೈಗೆ ಕೊಟ್ಟಳು.

ಅವನು ಅದನ್ನು ಜೇಬಿಗೆ ಹಾಕಿಕೊಂಡು ಎರಡು ಹೆಜ್ಜೆ ನಡೆದವನು ನಿಂತ. ಕಿಟಕಿಯಲ್ಲಿ ನಾನಿದ್ದದ್ದು ಅವನಿಗೆ ಮೊದಲಿಂದಲೂ ಗೊತ್ತಿತ್ತೇನೋ. ನೇರವಾಗಿ ನನ್ನ ಕಡೆ ತಿರುಗಿದ. ಅವನ ಕಣ್ಣು ತುಂಬಿಕೊಂಡಿತ್ತು.

"ಅಮ್ಮಾ, ಇದನ್ನ ಅಪ್ಪಂಗೆ ಬಚ್ಚಲಲ್ಲಿ ಇಡ್ತೀನಿ. ಡಬ್ಬಿಲಿರೋ ದೋಣಿ ಅದ್ರಲ್ಲೇ ಇರ್ಲಿ, ಹಂಗೇ ತಗೊಂಡ್ ಹೋಗ್ಲಾ? ನಮ್ಮಮ್ಮ ಮದ್ವೆ ಆಗಿ ಬಂದಾಗಿಂದ ನೊರೇಲಿ ಮೈ ತೊಳ್ದಿಲ್ಲ."